ಪೇಪರ್, ಸಿಲಿಕೋನ್, ಪೇಸ್ಟ್: ಒಂದೇ ಮೊಪೆಡ್ ಇಂಜಿನ್ ಮೂರು ಸಲ ಬಿಚ್ಚಿದ ಮೇಲೆ

ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲು ಹೋಗುವ ತೂತಿನ ತಿರುಪು, ಅಂದರೆ ಮೇನ್ ಜೆಟ್, 56 ಇತ್ತು (ನಂಬರ್ ದೊಡ್ಡದಾದಷ್ಟೂ ತೂತು ದೊಡ್ಡದು). 60 ಹಾಕಿದೆ, ಆಮೇಲೆ 64 ಹಾಕಿದೆ. ಆದರೂ ಆಕ್ಸಿಲರೇಟರ್ ಬಿಟ್ಟ ಮೇಲೆ ಇಂಜಿನ್ ಕೂಗುತ್ತಲೇ ಇರುತ್ತಿತ್ತು, ನಾಲ್ಕೈದು ಸೆಕೆಂಡ್ ಆದ ಮೇಲೆ ಇಳಿಯುತ್ತಿತ್ತು. ಒಂದು ವಾರ ಕಾರ್ಬ್ಯುರೇಟರ್‌ಗೆ ಬೈದುಕೊಂಡೆ. ತಪ್ಪು ಅದರದ್ದಲ್ಲ. ಪಿಸ್ಟನ್‌ಗೆ ಸೇರಿದ ಕ್ರ್ಯಾಂಕ್ ಶಾಫ್ಟ್ ಕೂರುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್, ಸಂದಿಯಿಂದ ಗಾಳಿ ಎಳೆಯುತ್ತಿತ್ತು.

ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ ಅಂದರೆ ಪಂಪು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆಯುತ್ತದೆ, ಕೆಳಗೆ ಬಂದಾಗ ಅದನ್ನು ಸಿಲಿಂಡರ್‌ಗೆ ತಳ್ಳುತ್ತದೆ. ಎಲ್ಲೋ ಒಂದು ಕೂದಲೆಳೆ ಸಂದಿ ಇದ್ದರೂ ಬರೀ ಗಾಳಿ ಸೇರಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಪೆಟ್ರೋಲು ಕಡಿಮೆ ಬೀಳುತ್ತದೆ. ಬಿಸಿ ಏರುತ್ತದೆ, ಒಂದು ದಿನ ಪಿಸ್ಟನ್ ಸಿಲಿಂಡರ್‌ನಲ್ಲೇ ಕಚ್ಚಿಕೊಂಡು ಸೀಜ್.

ಹಾಗಾಗಿ ಪ್ರತಿ ಸಲವೂ ಒಂದೇ ಪರೀಕ್ಷೆ ಮಾಡಿದೆ. ಸೈಲೆನ್ಸರ್ ಬಾಯಿಗೆ ರಬ್ಬರ್ ತುಂಡಿಟ್ಟು ಪಟ್ಟಿ ಬಿಗಿದೆ. ಕಾರ್ಬ್ಯುರೇಟರ್ ಜಾಗದಲ್ಲಿ ನಳಿಕೆ ಇರುವ ತಗಡು ಕೂರಿಸಿ, ಹಳೇ ಬಿಪಿ ಮೀಟರಿನ ಬಲ್ಬಿನಿಂದ ಗಾಳಿ ಒತ್ತಿದೆ. ಮುಳ್ಳು 300ಕ್ಕೆ ಬಂದರೆ ಸುಮಾರು 0.4 ಬಾರ್, ಅಷ್ಟು ಸಾಕು. ಜಾಸ್ತಿ ಒತ್ತಿದರೆ ಕ್ರ್ಯಾಂಕ್ ಶಾಫ್ಟಿನ ಸುತ್ತ ಇರುವ ರಬ್ಬರ್ ಆಯಿಲ್ ಸೀಲ್‌ನ ತುಟಿಯೇ ಮಗುಚಿಕೊಳ್ಳಬಹುದು. ಆಮೇಲೆ ಸೋಪಿನ ನೀರು ಸವರಿ ಗುಳ್ಳೆ ಹುಡುಕುವುದು.

ಮೊದಲು ಕೇಸಿನ ಎರಡು ಹೋಳುಗಳ ನಡುವೆ ಬರೀ ಪೇಪರ್ ಪ್ಯಾಕಿಂಗ್, ಒಣದಾಗಿ. ಎರಡೇ ನಿಮಿಷದಲ್ಲಿ ಮುಳ್ಳು ಅರ್ಧಕ್ಕೆ ಇಳಿಯಿತು. ಕೇಸಿನ ಎರಡು ಹೋಳು ಸೇರುವ ಜಾಗದಲ್ಲಿ ಗುಳ್ಳೆ. ಯಾರೋ ಹಿಂದೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಗೀರು ಅಲ್ಲಿತ್ತು. ಮೈ ಸಾಪಾಗಿದ್ದರೆ ಪೇಪರ್ ಸಾಕು, ಗೀರಿದ್ದರೆ ಸಾಲದು.

ಆಮೇಲೆ ಪೇಪರಿನ ಎರಡೂ ಕಡೆ ಸಿಲಿಕೋನ್ ಹಚ್ಚಿದೆ. ಹತ್ತು ನಿಮಿಷ ಆದರೂ ಮುಳ್ಳು ಅಲುಗಲಿಲ್ಲ. ಗೆದ್ದೆ ಅಂದುಕೊಂಡೆ. ಎರಡು ತಿಂಗಳಾದ ಮೇಲೆ ಮತ್ತೆ ಅದೇ ಕೂಗು. ಬಿಚ್ಚಿ ನೋಡಿದರೆ ಒಳಗಂಚಿನ ಸಿಲಿಕೋನ್ ಲೋಳೆಯಂತೆ ಉಬ್ಬಿತ್ತು, ಒಂದು ಎಳೆ ಕಿತ್ತು, ಕೇಸಿನಿಂದ ಸಿಲಿಂಡರ್‌ಗೆ ಮಿಶ್ರಣ ಹೋಗುವ ಟ್ರಾನ್ಸ್‌ಫರ್ ಪೋರ್ಟಿನ ಬಾಯಲ್ಲಿ ನೇತಾಡುತ್ತಿತ್ತು. ಸಿಲಿಕೋನಿಗೂ ಪೆಟ್ರೋಲಿಗೂ ಆಗಿಬರುವುದಿಲ್ಲ. ಫೋರ್ ಸ್ಟ್ರೋಕ್ ಕೇಸಿನಲ್ಲಿ ಇರುವುದು ಆಯಿಲ್, ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಕೇಸಿನ ಒಳಗೇ ಪೆಟ್ರೋಲು ಓಡಾಡುತ್ತದೆ, ಅಲ್ವಾ? ಉಳಿದ ಟ್ಯೂಬನ್ನು ಗೇರ್ ಬಾಕ್ಸ್ ಮುಚ್ಚಳಕ್ಕೆ ಎತ್ತಿಟ್ಟೆ.

ಮೂರನೆಯದು ಪೆಟ್ರೋಲ್ ತಡೆಯುವ, ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವ ಪೇಸ್ಟು. ಇದಿದ್ದರೆ ಪೇಪರೇ ಬೇಡ ಅಂತ ಜಾಣತನ ಮಾಡಿ ಪೇಪರ್ ಬಿಟ್ಟು ಬಿಗಿದೆ. ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿದರೆ ಬಿಗಿ! ಪೇಪರ್ ಇದ್ದದ್ದು 0.3 ಮಿಮೀ. ಅದನ್ನು ಲೆಕ್ಕಕ್ಕೆ ಹಿಡಿದೇ ಕೇಸ್ ಮಾಡಿದ್ದಾರೆ. ತೆಗೆದರೆ ಬೇರಿಂಗ್‌ಗಳು ಕ್ರ್ಯಾಂಕನ್ನು ಎರಡೂ ಕಡೆಯಿಂದ ಒತ್ತುತ್ತವೆ. ಪ್ಯಾಕಿಂಗ್ ಇಲ್ಲದೆಯೇ ಬರುವ ಇಂಜಿನ್‌ಗಳಿಗೆ ಬರೀ ಪೇಸ್ಟು ಸರಿ, ಪೇಪರ್ ಜೊತೆ ಬಂದದ್ದಕ್ಕೆ ಪೇಪರ್ ಬೇಕೇ ಬೇಕು. ಮತ್ತೆ ಬಿಚ್ಚಿ, ಪೇಪರ್ ಹಾಕಿ, ಎರಡೂ ಮೈಗೆ ಬೆರಳಿನಲ್ಲಿ ತೆಳ್ಳಗೆ ಪೇಸ್ಟು ಸವರಿ ಕೂರಿಸಿದೆ. ಹತ್ತು ನಿಮಿಷಕ್ಕೂ ಮುಳ್ಳು ಕದಲಲಿಲ್ಲ. ಆರು ತಿಂಗಳಾಯಿತು, ಇವತ್ತಿಗೂ ಹಾಗೇ ಇದೆ. ನನ್ನ ಮಟ್ಟಿಗೆ ಇದೇ ಗೆದ್ದದ್ದು. ಬಿಚ್ಚುವಾಗ ಕೆರೆಯುವ ಕೆಲಸ ಸ್ವಲ್ಪ ಇರುತ್ತದೆ, ಇರಲಿ.

ಸಿಲಿಂಡರ್ ಬುಡದ ಪ್ಯಾಕಿಂಗ್ ಬೇರೆಯೇ ಕತೆ. ಅಲ್ಲಿ ಸೋರಿಕೆಗಿಂತ ದಪ್ಪ ಮುಖ್ಯ. ದಪ್ಪ ಹಾಕಿದರೆ ಸಿಲಿಂಡರ್ ಮೇಲೇಳುತ್ತದೆ, ಹೊಗೆ ಹೊರಹೋಗುವ ಎಕ್ಸಾಸ್ಟ್ ಪೋರ್ಟ್ ಬೇಗ ತೆರೆಯುತ್ತದೆ, ಕಂಪ್ರೆಷನ್ ಇಳಿಯುತ್ತದೆ. ಪ್ಲಗ್ ರಂಧ್ರದಿಂದ 1.5 ಮಿಮೀ ಸೋಲ್ಡರ್ ತಂತಿ ತೂರಿಸಿ, ಪಿಸ್ಟನ್ ಪಿನ್ನಿನ ಸಾಲಿನಲ್ಲೇ ಹಿಡಿದು, ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ಅಳೆದೆ. 0.5 ಮಿಮೀ ಪೇಪರ್‌ಗೆ ಪಿಸ್ಟನ್ ಮತ್ತು ಹೆಡ್ ನಡುವಿನ ಸಂದಿ 1.2 ಬಂತು, 0.2 ಪೇಪರ್‌ಗೆ 0.9. ತೆಳ್ಳಗಿನದರಲ್ಲಿ ಏರಿನಲ್ಲಿ ಎಳೆತ ಗೊತ್ತಾಗುವಷ್ಟು ಹೆಚ್ಚಿತು. ಇದಕ್ಕೆ ಪೇಸ್ಟು ಬೇಕಾಗಲಿಲ್ಲ, ತೆಳುವಾಗಿ ಗ್ರೀಸ್ ಸವರಿದ್ದಷ್ಟೇ.

ಆಯಿಲ್ ಸೀಲ್‌ಗಳಲ್ಲಿ ಕಪ್ಪು ನೈಟ್ರೈಲ್ ಮತ್ತು ಕಂದು ಬಣ್ಣದ ವೈಟಾನ್ ಎರಡನ್ನೂ ನೋಡಿದೆ. ಹೊಸದಿದ್ದಾಗ ಒತ್ತಡ ಪರೀಕ್ಷೆಯಲ್ಲಿ ಎರಡೂ ಒಂದೇ. ಬಿಸಿ ಮತ್ತು ಎಥನಾಲ್ ಬೆರೆತ ಪೆಟ್ರೋಲನ್ನು ವೈಟಾನ್ ಚೆನ್ನಾಗಿ ತಡೆಯುತ್ತದೆ, ಹಾಗಾಗಿ ಅದನ್ನೇ ಉಳಿಸಿಕೊಂಡೆ. ಆದರೆ ಮ್ಯಾಗ್ನೆಟ್ ಕಡೆ ಹೊಸ ವೈಟಾನ್ ಸೀಲೂ ಸೋರಿತು! ಹಳೇ ಸೀಲ್ ಉಜ್ಜಿ ಉಜ್ಜಿ ಶಾಫ್ಟಿನಲ್ಲಿ ಗೆರೆ ಬಿದ್ದಿತ್ತು. ಸೀಲನ್ನು ಒಂದು ಮಿಮೀ ಹೊರಗೇ ನಿಲ್ಲಿಸಿದ ಮೇಲೆ ತುಟಿ ನುಣುಪು ಜಾಗಕ್ಕೆ ಬಂದು ನಿಂತಿತು. ಅಂದ ಹಾಗೆ, ಕ್ಲಚ್ ಕಡೆಯ ಸೀಲ್ ಹೋದರೆ ಗಾಳಿಯ ಬದಲು ಗೇರ್ ಆಯಿಲ್ ಒಳಗೆ ಹೋಗುತ್ತದೆ. ಆಗ ದಟ್ಟ ಹೊಗೆ ಬರುತ್ತದೆ, ಗೇರ್ ಬಾಕ್ಸ್‌ನಲ್ಲಿ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ.

ಇಷ್ಟಾದ ಮೇಲೆ ಅದೇ 64 ಜೆಟ್‌ನಲ್ಲಿ ಓಡಿಸಿದರೆ ಇಂಜಿನ್ ಬಡಬಡ ಅಂದು ಮುಗ್ಗರಿಸಿತು, ಪೂರಾ ರಿಚ್, ಅಂದರೆ ಪೆಟ್ರೋಲು ಜಾಸ್ತಿ. ಒಂದೊಂದೇ ಇಳಿಸುತ್ತಾ 58ಕ್ಕೆ ಬಂದೆ. ಫುಲ್ ಆಕ್ಸಿಲರೇಟರ್‌ನಲ್ಲಿ ಓಡಿಸಿ, ಅಲ್ಲೇ ಇಂಜಿನ್ ಆಫ್ ಮಾಡಿ ಪ್ಲಗ್ ತೆಗೆದು ನೋಡಿದೆ. ಕಾಫಿ ಬಣ್ಣ. ಪೆಟ್ರೋಲಿಗೆ 50ಕ್ಕೆ 1ರ ಬದಲು 25ಕ್ಕೆ 1 ಆಯಿಲ್ ಬೆರೆಸಿ ಹಾಕಿದರೆ ಇಂಜಿನ್‌ಗೆ ಇನ್ನೂ ಸುರಕ್ಷಿತ ಅಂತ ಅದನ್ನೂ ಮಾಡಿ ನೋಡಿದೆ. ಪ್ಲಗ್ ಕಪ್ಪಗಾಗುತ್ತದೆ ಅಂದುಕೊಂಡಿದ್ದೆ, ಆದರೆ ಇಂಜಿನ್ ಲೀನ್ ಕಡೆ ವಾಲಿತು. ಅದೇ ತೂತಿನಲ್ಲಿ ಆಯಿಲ್ ಜಾಸ್ತಿ ಹೋದಷ್ಟೂ ಪೆಟ್ರೋಲು ಕಡಿಮೆಯಾಗುತ್ತದೆ ಅಂತ ಆಮೇಲೆ ಹೊಳೆಯಿತು. ಆ ಟ್ಯಾಂಕ್ ಮುಗಿಯುವವರೆಗೆ 60 ಹಾಕಿಕೊಂಡು ಓಡಿಸಿದೆ, ಆಮೇಲೆ ಮತ್ತೆ 50ಕ್ಕೆ 1, ಜೆಟ್ 58.