ಅರ್ಜಿದಾರರ ಸಂವಿಧಾನ: ‘ಎ ಪೀಪಲ್ಸ್ ಕಾನ್‌ಸ್ಟಿಟ್ಯೂಷನ್’ ಓದಿದ ಮೇಲೆ

ವಕೀಲಿಕೆ ಶುರು ಮಾಡಿ ಹನ್ನೆರಡು ವರ್ಷವಾಯಿತು. ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ, ಅಂದರೆ ಸರ್ಕಾರದ ವಿರುದ್ಧ ಹಕ್ಕು ಕೇಳುವ ಅರ್ಜಿ, ಬರೆಯುವುದು ನನ್ನ ದಿನದ ಕೆಲಸ. ಆದರೂ ಹಳೆಯ ಕೇಸುಗಳನ್ನು ನಾನು ಬರೀ ಹೆಸರಾಗಿ ಓದಿದ್ದೆ. ‘ಸ್ಟೇಟ್ ಆಫ್ ಬಾಂಬೆ ವರ್ಸಸ್ ಬಲ್ಸಾರ, 1951’ ಅಂದರೆ ಪರೀಕ್ಷೆಗೆ ಬಾಯಿಪಾಠ ಮಾಡಿದ ಒಂದು ಸಾಲು, ಅಷ್ಟೇ. ಈ ಬಲ್ಸಾರ ಯಾರು, ಅವರಿಗೆ ಏನು ಬೇಕಿತ್ತು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ರೋಹಿತ್ ಡೇ ಅವರ ಈ ಪುಸ್ತಕ ಅಲ್ಲಿಂದಲೇ ಶುರು ಮಾಡುತ್ತದೆ. ಪ್ರಿನ್ಸ್‌ಟನ್ ಯೂನಿವರ್ಸಿಟಿ ಪ್ರೆಸ್ 2018ರಲ್ಲಿ ತಂದದ್ದು. ಡೇ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕಾನೂನು ಓದಿದವರು, ಈಗ ಯೇಲ್‌ನಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಸುಪ್ರೀಂ ಕೋರ್ಟಿನ ರೆಕಾರ್ಡ್ ರೂಮಿನಲ್ಲಿ ಕೂತು, ತೀರ್ಪಿನ ಹಿಂದೆ ಬಿದ್ದಿದ್ದ ಅರ್ಜಿ, ಅಫಿಡವಿಟ್‌ಗಳನ್ನು ಓದಿದ್ದಾರೆ. ಸಂವಿಧಾನವನ್ನು ಬರೆದವರಿಗಿಂತ ಅದನ್ನು ಕೈಯಲ್ಲಿ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದವರ ಕಥೆ ಇದು.

ನಾಲ್ಕು ಅಧ್ಯಾಯ: ಪಾನನಿಷೇಧ, ಸರಕು ನಿಯಂತ್ರಣ, ಗೋಹತ್ಯೆ ನಿಷೇಧ, ವೇಶ್ಯಾವೃತ್ತಿ. ಮೊದಲನೆಯದು ನನಗೆ ತುಂಬಾ ಹತ್ತಿರವಾಯಿತು. 1949ರ ಬಾಂಬೆ ಪಾನನಿಷೇಧ ಕಾಯ್ದೆ ಬಂದಾಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬೈಗೇ ಸೇರಿದ್ದವು. ಅಂದರೆ ಇದು ನಮ್ಮ ಅಜ್ಜಂದಿರ ಮೇಲೂ ಇದ್ದ ಕಾನೂನು. ಬಲ್ಸಾರ ಕೇಳಿದ್ದು ವಿಸ್ಕಿ, ಬಿಯರ್ ಮಾತ್ರವಲ್ಲ, ಓ ಡಿ ಕಲೋನ್ ಅನ್ನುವ ಸುಗಂಧ ಇಟ್ಟುಕೊಳ್ಳುವ ಹಕ್ಕನ್ನೂ ಕೇಳಿದ್ದರು! ಕಾಯ್ದೆಯ ಬಹುಪಾಲನ್ನು ಕೋರ್ಟ್ ಉಳಿಸಿತು. ಆದರೆ ಆಲ್ಕೋಹಾಲ್ ಇರುವ ಔಷಧಿ, ಸುಗಂಧಗಳ ಮೇಲಿನ ಕಟ್ಟನ್ನು ಬಿಚ್ಚಿತು. ಅದು ಎಷ್ಟು ದೊಡ್ಡ ಬಾಗಿಲು ತೆರೆಯಿತು ಅನ್ನುವುದು ಕುಡಿದ ಆರೋಪ ಹೊತ್ತ ಪೇಸಿಕಾಕ ಅನ್ನುವವರ ಕೇಸಿನಲ್ಲಿ ಗೊತ್ತಾಗುತ್ತದೆ. ಅವರ ಬಾಯಿ ವಾಸನೆ ಬರುತ್ತಿತ್ತು, ನಿಜ. ತಾನು ಕುಡಿದದ್ದು ಟಾನಿಕ್ ಅಂದರು. ವಿಸ್ಕಿಯೋ ಟಾನಿಕ್ಕೋ ಅಂತ ಮೂಗಿಗೆ ಹೇಗೆ ಗೊತ್ತಾಗಬೇಕು? ಕೊನೆಗೆ ಅವರ ಬಿಡುಗಡೆ ಆಯಿತು. ಒಬ್ಬ ಪೇದೆಯ ಮೂಗಿನಿಂದ ಹಿಡಿದು ಮೂಲಭೂತ ಹಕ್ಕಿನ ತನಕ ಡೇ ಎಳೆಯುವ ದಾರ ಎಲ್ಲೂ ಕಡಿಯುವುದಿಲ್ಲ.

ಎರಡನೆಯ ಅಧ್ಯಾಯ ಸ್ವಲ್ಪ ಭಾರ. ಆದರೆ ಅಲ್ಲಿ ಇಟಾರ್ಸಿ ಸ್ಟೇಷನ್ ಇದೆ. 1948ರ ನವೆಂಬರಿನಲ್ಲಿ ಹರಿಶಂಕರ್ ಬಾಗ್ಲಾ ಮತ್ತು ಅವರ ಹೆಂಡತಿ ಮುಂಬೈಯಿಂದ ಕಾನ್ಪುರಕ್ಕೆ ಆರು ಮಣಕ್ಕೂ (ಇನ್ನೂರು ಕಿಲೋಗೂ) ಜಾಸ್ತಿ ಹೊಸ ಬಟ್ಟೆ ಒಯ್ಯುತ್ತಿದ್ದರು. ಆಗ ಬಟ್ಟೆ ಸಾಗಿಸಲು ಬೇಕಿದ್ದ ಸರ್ಕಾರಿ ಪರ್ಮಿಟ್ ಅವರ ಹತ್ತಿರ ಇರಲಿಲ್ಲ. ರೈಲ್ವೆ ಪೊಲೀಸರು ಅಲ್ಲೇ ಹಿಡಿದರು. 1954ರಲ್ಲಿ ಅವರು ಸುಪ್ರೀಂ ಕೋರ್ಟಿನಲ್ಲಿ ಸೋತರು. ಸರ್ಕಾರದ ಆದೇಶಗಳನ್ನು ಪ್ರಶ್ನಿಸುವ ಪಾಠದಲ್ಲಿ ನಾವು ಇವತ್ತಿಗೂ ಈ ಕೇಸು ಓದುತ್ತೇವೆ. ಲಗೇಜಿನ ಗಂಟು ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ಗೋಹತ್ಯೆಯ ಅಧ್ಯಾಯದಲ್ಲಿ ಸುಮಾರು ಮೂರು ಸಾವಿರ ಕಸಾಯಿಗಳು ಒಟ್ಟಿಗೆ ಕೋರ್ಟಿಗೆ ಬರುತ್ತಾರೆ. ಧರ್ಮದ ಜೊತೆಗೆ ಅವರು ಹೊಟ್ಟೆಪಾಡನ್ನೂ ಮುಂದಿಟ್ಟರು. 1958ರ ಆ ತೀರ್ಪಿನಲ್ಲಿ ಮೇವು, ಹಾಲು, ಸಗಣಿಯ ಲೆಕ್ಕ ಪುಟಗಟ್ಟಲೆ ಇದೆ. ಹಸುವಿನ ಮೇಲಿನ ಪೂರ್ತಿ ನಿಷೇಧ ಉಳಿಯಿತು. ಕೆಲಸಕ್ಕೆ ಬಾರದ ಎತ್ತು, ಎಮ್ಮೆಗಳ ಮೇಲಿನದು ಬಿತ್ತು.

ವೇಶ್ಯಾವೃತ್ತಿಯ ಅಧ್ಯಾಯದಲ್ಲಿ ಹುಸ್ನಾ ಬಾಯಿಯ ಕಥೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1958ರ ಮೇ 1. ಅಲಹಾಬಾದ್ ಹೈಕೋರ್ಟ್. ಇಪ್ಪತ್ನಾಲ್ಕು ವರ್ಷದ ಹೆಣ್ಣುಮಗಳು ಜಡ್ಜ್ ಮುಂದೆ ನಿಂತು ಇದು ನನ್ನ ಕಸುಬು, ಹೊಸ ಕಾನೂನು ನನ್ನ ಅನ್ನ ಕಸಿಯುತ್ತಿದೆ ಅನ್ನುತ್ತಾಳೆ. ಅರ್ಜಿ ವಜಾ ಆಯಿತು. ಆದರೆ ಅಂಥ ಮಾತನ್ನು ಮುಚ್ಚಿಡದೆ, ಹಕ್ಕಿನ ಭಾಷೆಯಲ್ಲೇ ಹೇಳಿದಳಲ್ಲ!

ಆಗ ನನಗೆ ನನ್ನ ಕಕ್ಷಿದಾರರೊಬ್ಬರ ನೆನಪಾಯಿತು. ಮಿರ್ಚಿ-ಗಿರ್ಮಿಟ್ ಗಾಡಿ ಇಟ್ಟುಕೊಂಡಿದ್ದವರು. ಗಾಡಿ ಎತ್ತಿಕೊಂಡು ಹೋದರು ಅಂತ ಬಂದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ದಿನದಿನದ ಸುಂಕದ ಚೀಟಿಗಳು, ಎಣ್ಣೆ ಹತ್ತಿ ಅಂಟಿಕೊಂಡಿದ್ದವು. ನಾನು ಅವನ್ನು ಒಂದೊಂದಾಗಿ ಬಿಡಿಸಿ ತಾರೀಖು ಬರೆದುಕೊಂಡೆ. "ವಕೀಲ್ರ, ಇದನ್ನೂ ಬರೀರಿ. ಎಣ್ಣಿ ಕುದಿಯಾಕತ್ತಿತ್ರಿ, ಹಂಗ ಎತ್ಕೊಂಡು ಹೋದ್ರು" ಅಂದರು. ಬರೆದೆ. ಆಮೇಲೆ ಕಾನೂನಿಗೆ ಬೇಡ ಅನ್ನಿಸಿ ಆ ಸಾಲು ತೆಗೆದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಸೆಕ್ಷನ್‌ಗಳು ಉಳಿದವು. ಕುದಿಯುವ ಎಣ್ಣೆ ಹೋಯಿತು. ಅದನ್ನು ನಾನು ತೆಗೆಯಬಾರದಿತ್ತು.

ನನ್ನ ತಕರಾರು ಅಂದರೆ ಇದೇ. ಅರ್ಜಿಯಲ್ಲಿರುವ ಮಾತು ಕಕ್ಷಿದಾರರದ್ದು ಎಷ್ಟು, ನಮ್ಮಂಥ ವಕೀಲರದ್ದು ಎಷ್ಟು? ಈ ಪ್ರಶ್ನೆಯ ಹತ್ತಿರ ಡೇ ಇನ್ನೂ ಹೆಚ್ಚು ಹೊತ್ತು ನಿಲ್ಲಬೇಕಿತ್ತು. ದಕ್ಷಿಣದ ಕೇಸುಗಳೂ ಜಾಸ್ತಿ ಬೇಕಿತ್ತು. ಪೀಠಿಕೆಯ ಇಂಗ್ಲಿಷ್ ಪ್ರೊಫೆಸರುಗಳಿಗೆ ಬರೆದ ಹಾಗಿದೆ. ಕಾನೂನು ಓದದವರು ಅದನ್ನು ಬಿಟ್ಟು ನೇರ ಪೇದೆಯ ಮೂಗಿನಿಂದ ಶುರು ಮಾಡಿ, ಏನೂ ತೊಂದರೆ ಇಲ್ಲ. ಲಾ ಕಾಲೇಜಿನ ಮಕ್ಕಳಂತೂ ಕೊಂಡೇ ಓದಬೇಕು.

ನನ್ನ ಪ್ರತಿ ಈಗ ನಮ್ಮ ಆಫೀಸಿನ ಜೂನಿಯರ್ ಹುಡುಗಿಯ ಹತ್ತಿರ ಇದೆ. ಮೊನ್ನೆ ಒಂದು ಅಫಿಡವಿಟ್ ಟೈಪ್ ಮಾಡುತ್ತಾ, "ಮೇಡಂ, ಅವರು ಹೇಳಿದ್ದನ್ನ ಹಾಗೇ ಇಡಲಾ?" ಅಂತ ಕೇಳಿದಳು. ಇಡು ಅಂದೆ.