ಚನ್ನಪಟ್ಟಣದಲ್ಲಿ ಕಡೆಸಿದ ಅರಗಿನ ಊರುಗೋಲು: ಬಳಕೆಯ ನಂತರದ ವಿಮರ್ಶೆ

ಚನ್ನಪಟ್ಟಣದಲ್ಲಿ ಆಟಿಕೆ ಕಡೆಯುವ ಲೇತ್‌ನಲ್ಲಿಯೇ ಕಡೆಸಿ, ಅರಗಿನ ಬಣ್ಣ ಹಾಕಿಸಿದ ಊರುಗೋಲೊಂದನ್ನು ನನ್ನ ತಾಯಿ ಕಳೆದ ಬೇಸಿಗೆಯಿಂದ ಬಳಸುತ್ತಿದ್ದಾರೆ. ಇದು ಸಿದ್ಧವಾಗಿ ಅಂಗಡಿಯಲ್ಲಿ ಸಿಕ್ಕಿದ ವಸ್ತುವಲ್ಲ, ಆಟಿಕೆ ಮಾಡುವ ಸಣ್ಣ ಕಾರ್ಖಾನೆಯೊಂದಕ್ಕೆ ಅಳತೆ ಕೊಟ್ಟು ಮಾಡಿಸಿದ್ದು. ಒಟ್ಟು ಸುಮಾರು 2,500 ರೂಪಾಯಿ ಖರ್ಚಾಯಿತು. ಔಷಧದ ಅಂಗಡಿಯಲ್ಲಿ ಇದರ ಕಾಲುಭಾಗದಷ್ಟು ಹಣಕ್ಕೆ ಅಲ್ಯೂಮಿನಿಯಂ ಕೋಲು ದೊರೆಯುವಾಗ ಬರಿಯ ಅಂದಕ್ಕಾಗಿ ಇಷ್ಟು ಕೊಡಬೇಕೇ ಎಂದು ಬಂಧುಗಳು ಕೇಳಿದ್ದಾರೆ. ಇಂಥ ಕೋಲು ಮಾಡಿಸುವ ಯೋಚನೆ ಇರುವವರಿಗೂ ಆ ಪ್ರಶ್ನೆ ಏಳುವುದು ಸಹಜವಾದ್ದರಿಂದ ಮೊದಲು ಅದಕ್ಕೇ ಉತ್ತರಿಸುತ್ತೇನೆ.

ನಮ್ಮ ಮನೆಯಲ್ಲಿ ಅಲ್ಯೂಮಿನಿಯಂ ಕೋಲು ಮೊದಲೇ ಇತ್ತು. ಎತ್ತರವನ್ನು ಹೆಚ್ಚು ಕಡಿಮೆ ಮಾಡಬಹುದಾದ, ಹಗುರವಾದ, ಯಾವ ದೋಷವೂ ಇಲ್ಲದ ಕೋಲು ಅದು. ಆದರೆ ಮದುವೆಗೆ, ದೇವಸ್ಥಾನಕ್ಕೆ, ಪಕ್ಕದ ಬೀದಿಯ ಅಂಗಡಿಗೆ ಹೊರಟಾಗಲೆಲ್ಲ ತಾಯಿ ಅದನ್ನು ಬಾಗಿಲ ಹಿಂದೆಯೇ ಬಿಟ್ಟು, ಗೋಡೆ ಹಿಡಿದುಕೊಂಡೋ ಯಾರದಾದರೂ ಭುಜ ಹಿಡಿದುಕೊಂಡೋ ನಡೆಯುತ್ತಿದ್ದರು. ಅದನ್ನು ಹಿಡಿದರೆ ಆಸ್ಪತ್ರೆಯಿಂದ ಈಗಷ್ಟೇ ಎದ್ದು ಬಂದವಳ ಹಾಗೆ ಕಾಣುತ್ತೇನೆ ಎಂಬುದು ಅವರ ಮಾತಾಗಿತ್ತು. ಮೊಣಕಾಲಿನ ಸವೆತ ಇರುವವರು ಬೀಳದಂತೆ ನೋಡಿಕೊಳ್ಳಬೇಕಾದ ಸಾಧನವೇ ಮನೆಯಲ್ಲಿ ಉಳಿದರೆ ಅದು ಎಷ್ಟು ಗಟ್ಟಿಯಾಗಿದ್ದು ಏನು ಪ್ರಯೋಜನ? ಊರುಗೋಲಿನ ಮಟ್ಟಿಗೆ ಅಂದವೂ ಸುರಕ್ಷತೆಯ ಒಂದು ಭಾಗ ಎಂದು ನಾನು ನಂಬುವುದು ಈ ಕಾರಣಕ್ಕೆ.

ಕೋಲಿಗೆ ಅಲಂಕಾರ ನಮ್ಮಲ್ಲಿ ಹೊಸದೇನೂ ಅಲ್ಲ. ಬೆಳ್ಳಿಯ ಕಟ್ಟು ಹಾಕಿಸಿದ ಬೆತ್ತವನ್ನು ಹಿಡಿದ ಊರ ಹಿರಿಯರನ್ನು ಹಳೆಯ ಫೋಟೋಗಳಲ್ಲಿ ನೋಡಬಹುದು, ಆ ಕೋಲನ್ನು ಯಾರೂ ಕಾಯಿಲೆಯ ಗುರುತೆಂದು ಎಣಿಸುತ್ತಿರಲಿಲ್ಲ. ಆದರೆ ಆ ಗೌರವವೆಲ್ಲ ಬಹುಮಟ್ಟಿಗೆ ಗಂಡಸರದಾಗಿತ್ತು. ಅಜ್ಜಿಯರ ಪಾಲಿಗೆ ಬಂದದ್ದು ಕೈಗೆ ಸಿಕ್ಕಿದ ಬಿದಿರಿನ ತುಂಡು. ಹೆಣ್ಣುಮಗಳೊಬ್ಬಳು ತನ್ನ ಇಷ್ಟದ ಬಣ್ಣ ಹೇಳಿ ಊರುಗೋಲು ಮಾಡಿಸಿಕೊಳ್ಳುವುದರಲ್ಲಿ ನನಗೆ ಕಂಡ ನಿಜವಾದ ಹೊಸತನ ಅದೇ.

ಹೊರದೇಶಗಳಲ್ಲಿ ಈ ವಿಚಾರ ಇನ್ನೂ ಮುಂದೆ ಹೋಗಿದೆ. ದೀರ್ಘ ಕಾಯಿಲೆಯ ನಂತರ 1996ರಿಂದ ಗಾಲಿಕುರ್ಚಿ ಬಳಸುತ್ತಿರುವ ಬ್ರಿಟನ್ನಿನ ಕಲಾವಿದೆ ಸ್ಯೂ ಆಸ್ಟಿನ್, ಗಾಲಿಕುರ್ಚಿ ಎಂದೊಡನೆ ಜನರ ಬಾಯಲ್ಲಿ ಮಿತಿ, ಭಯ, ಕರುಣೆ ಎಂಬ ಮಾತುಗಳೇ ಬರುವುದನ್ನು ಗಮನಿಸಿ, ಅದೇ ಕುರ್ಚಿಯ ಚಕ್ರಗಳಿಗೆ ಬಣ್ಣ ಹಚ್ಚಿ ನೆಲದ ಮೇಲೆ ಅದರ ಹಾದಿಯನ್ನು ಮೂಡಿಸಿದರು. 2012ರ ಹೊತ್ತಿಗೆ ನೀರಿನೊಳಗೆ ಚಲಿಸುವ ಗಾಲಿಕುರ್ಚಿಯನ್ನು ರೂಪಿಸಿ, ಅದರಲ್ಲಿ ಕುಳಿತು ಸಮುದ್ರದೊಳಗೆ ವಿಹರಿಸಿದರು. ಡಬ್ಲಿನ್ನಿನಲ್ಲಿ ವಿನ್ಯಾಸ ಕಲಿಯುತ್ತಿದ್ದ ಆಲ್ವಾ ಕೀನ್, ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇರುವ ತಂಗಿ ಇಜ್ಜಿಯ ಗಾಲಿಕುರ್ಚಿಗಾಗಿ ಮಾಡಿದ ಚಿತ್ರದ ಚಕ್ರಮುಚ್ಚಳಗಳು 2016ರಲ್ಲಿ 'ಇಜ್ಜಿ ವೀಲ್ಸ್' ಎಂಬ ಉದ್ಯಮವಾದವು. ಉಡುಪಿಗೆ ತಕ್ಕಂತೆ ಮುಚ್ಚಳ ಬದಲಾಯಿಸಬಹುದು ಎಂಬ ಸರಳ ಯೋಚನೆ, ಕುರ್ಚಿಯನ್ನು ಮರೆಮಾಡಬೇಕಾದ ವಸ್ತು ಎಂಬ ಭಾವನೆಯನ್ನೇ ತೆಗೆದುಹಾಕುತ್ತದೆ. ಇವೆರಡನ್ನೂ ಓದಿದ ಮೇಲೆ, ಇಷ್ಟು ಹತ್ತಿರದಲ್ಲಿ ಚನ್ನಪಟ್ಟಣ ಇರುವಾಗ ನಾವೇಕೆ ಬೂದು ಬಣ್ಣದ ಕೊಳವೆಗೆ ತೃಪ್ತರಾಗಬೇಕು ಎಂದು ನನಗೆ ಅನ್ನಿಸಿತು.

ಇನ್ನು ಕೋಲಿನ ವಿಷಯ. ಚನ್ನಪಟ್ಟಣದ ಆಟಿಕೆಗಳಿಗೆ ಪರಂಪರೆಯಿಂದ ಬಳಸುವುದು ಆಲೆ ಮರ. ಅದರ ಬಿಳಿಚಾದ, ನಯವಾದ ಮೈಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ದೇಹದ ಭಾರ ಹೊರುವ ಉದ್ದನೆಯ ದಂಡಕ್ಕೆ ತೇಗವೇ ಇರಲಿ ಎಂದು ಕುಶಲಕರ್ಮಿಯೇ ಸಲಹೆ ಕೊಟ್ಟರು, ಹಿಡಿಕೆಯನ್ನು ಮಾತ್ರ ಆಲೆಯಲ್ಲಿ ಮಾಡಿದರು. ಅವರ ಲೇತ್ ಆಟಿಕೆಯ ಅಳತೆಯದಾದ್ದರಿಂದ ದಂಡವನ್ನು ಒಂದೇ ತುಂಡಾಗಿ ಕಡೆಯಲಾಗಲಿಲ್ಲ. ಎರಡು ತುಂಡುಗಳನ್ನು ಹಿತ್ತಾಳೆಯ ತಿರುಪಿನಿಂದ ಜೋಡಿಸಿದ್ದಾರೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ತಾಯಿ ತಮ್ಮ ಇಳಕಲ್ ಸೀರೆಯ ಸೆರಗಿನ ಕೆಂಪು ಬಿಳಿ ತೆನೆಗಳನ್ನೇ ಕೇಳಿದ್ದರು. ಲೇತ್‌ನಲ್ಲಿ ಮೂಡುವುದು ಸುತ್ತುವ ಪಟ್ಟಿ ಮಾತ್ರವಾದ್ದರಿಂದ ತೆನೆಗಳು ಬರಲಿಲ್ಲ, ಬದಲಿಗೆ ಹಿಡಿಕೆಯ ಕೆಳಗೆ ಅದೇ ಬಣ್ಣಗಳ ಕಿರಿದಾದ ಪಟ್ಟಿಗಳು ಒಂದರ ಕೆಳಗೊಂದು ಬಂದವು. ಉಳಿದ ಭಾಗಕ್ಕೆ ಅರಿಶಿನದ ಹಳದಿ. ಕೆಲಸದ ನಾಜೂಕು ಬೆರಗು ಹುಟ್ಟಿಸುವಂಥದ್ದು: ಬಣ್ಣದಿಂದ ಬಣ್ಣಕ್ಕೆ ಸಾಗುವ ಗೆರೆಯಲ್ಲಿ ಎಲ್ಲಿಯೂ ಕದಡಿಲ್ಲ.

ಈಗ ಈ ಕೋಲು ಮನೆಯಲ್ಲಿ ಉಳಿಯುವುದಿಲ್ಲ. ದೇವಸ್ಥಾನದ ಪ್ರಾಂಗಣದಲ್ಲಿ 'ಮೊಣಕಾಲು ಹೇಗಿದೆ ಅಮ್ಮಾ?' ಎನ್ನುತ್ತಿದ್ದವರು 'ಇದನ್ನು ಎಲ್ಲಿ ಮಾಡಿಸಿದಿರಿ?' ಎಂದು ಕೇಳುತ್ತಾರೆ, ತಾಯಿ ನಿಂತು ವಿವರವಾಗಿ ಹೇಳುತ್ತಾರೆ. ಬಣ್ಣದ ಪಟ್ಟಿಗಳಿಗೆ ಇನ್ನೊಂದು ಉಪಯೋಗವೂ ಇದೆ. ರಾತ್ರಿ ಎದ್ದಾಗ ಮಂದ ಬೆಳಕಿನಲ್ಲಿಯೂ ಹಾಸಿಗೆಯ ಪಕ್ಕದ ಕೋಲು ಕಣ್ಣಿಗೆ ಬೀಳುತ್ತದೆ, ಬೂದು ಬಣ್ಣದ ಕೋಲಿನಲ್ಲಿ ಈ ಅನುಕೂಲ ಇರಲಿಲ್ಲ.

ಕೊರತೆಗಳನ್ನೂ ಹೇಳಲೇಬೇಕು, ಏಕೆಂದರೆ ಇದು ಗೋಡೆಗೆ ತೂಗುಹಾಕುವ ವಸ್ತುವಲ್ಲ. ಮೊದಲನೆಯದು ಹಿಡಿಕೆ. ಅಷ್ಟು ನುಣುಪಾದ ಅರಗು ಒದ್ದೆ ಕೈಯಲ್ಲಿ, ಬೆವರಿದ ಕೈಯಲ್ಲಿ ಜಾರುತ್ತದೆ. ಅದರ ಜೊತೆಗೆ ಅರಗು ಆಲ್ಕೋಹಾಲಿನಲ್ಲಿ ಕರಗುವ ಪದಾರ್ಥ. ಆಸ್ಪತ್ರೆಯ ಬಾಗಿಲಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡು, ಕೈ ಒಣಗುವ ಮೊದಲೇ ಕೋಲು ಹಿಡಿಯುವುದು ಕೆಲವು ಸಲ ನಡೆದದ್ದರಿಂದ ಹಿಡಿಕೆಯ ಹೊಳಪು ಮಾಸಿ, ಅಲ್ಲಲ್ಲಿ ಅಂಟಂಟಾಯಿತು. ಕೊನೆಗೆ ಹಿಡಿಕೆಗೆ ಹತ್ತಿಯ ದಾರವನ್ನು ಬಿಗಿಯಾಗಿ ಸುತ್ತಿಸಿದೆವು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿಯೂ ಇದನ್ನು ಬಿಡಬಾರದು.

ಎರಡನೆಯ ಕೊರತೆ ಇನ್ನೂ ಗಂಭೀರವಾದದ್ದು: ಹಿತ್ತಾಳೆಯ ತಿರುಪು ದಿನಗಳೆದಂತೆ ಸಡಿಲವಾಗುತ್ತದೆ. ಸ್ವಲ್ಪ ಸಡಿಲವಾದರೂ ಕೋಲು ಅಲುಗಿದಂತಾಗಿ ನಡೆಯುವವರ ಧೈರ್ಯವೇ ಕುಗ್ಗುತ್ತದೆ. ಇದನ್ನು ವಾರಕ್ಕೊಮ್ಮೆಯಾದರೂ ಬಿಗಿಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರು ಹೊರಬೇಕು. ತುದಿಯ ರಬ್ಬರ್ ಬುಷ್ ಕಾರ್ಖಾನೆಯವರು ಕೊಡಲಿಲ್ಲ, ಔಷಧದ ಅಂಗಡಿಯಲ್ಲಿ ಬೇರೆ ಕೊಂಡು ಹಾಕಬೇಕಾಯಿತು. ಅದಿಲ್ಲದೆ ಗ್ರಾನೈಟ್ ನೆಲದ ಮೇಲೆ ಈ ಕೋಲನ್ನು ಊರಲೇಬಾರದು, ಬುಷ್‌ನ ಗೆರೆಗಳು ಸವೆದೊಡನೆ ಅದನ್ನು ಬದಲಾಯಿಸಬೇಕು.

ಮರದ ಕೋಲಿನ ಎತ್ತರವನ್ನು ಆಮೇಲೆ ಹೆಚ್ಚಿಸಲಾಗದು. ಆದ್ದರಿಂದ ಅಳತೆಯನ್ನು ಬಳಸುವವರನ್ನು ನಿಲ್ಲಿಸಿಯೇ ತೆಗೆಯಬೇಕು: ದಿನವೂ ಹಾಕುವ ಚಪ್ಪಲಿ ಹಾಕಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು ನಿಂತಾಗ ನೆಲದಿಂದ ಮಣಿಕಟ್ಟಿನ ಗೆರೆಯವರೆಗಿನ ಎತ್ತರವೇ ಕೋಲಿನ ಎತ್ತರ, ಹಿಡಿದು ನಿಂತಾಗ ಮೊಣಕೈ ತುಸು ಬಾಗಿರಬೇಕು. ನಾವು ಒಂದು ಅಂಗುಲ ಹೆಚ್ಚಿಗೆ ಬಿಡಿಸಿ, ಮನೆಯಲ್ಲಿ ಬಡಗಿಯಿಂದ ಕೊಯ್ಯಿಸಿದೆವು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲನ್ನು ಹಿಡಿಯಬೇಕೆಂದು ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟದ್ದರಿಂದ ಹಿಡಿಕೆಯನ್ನು ತಾಯಿಯ ಎಡಗೈಯ ಹಿಡಿತಕ್ಕೆ ತಕ್ಕಂತೆ ಮಾಡಿಸಲು ಸಾಧ್ಯವಾಯಿತು. ತುಸು ಆಸರೆ ಸಾಕೆನ್ನುವವರಿಗೆ ಮಾತ್ರ ಇದು ಹೊಂದುತ್ತದೆ. ಸಮತೋಲ ತಪ್ಪುವವರಿಗೆ, ಮೈಭಾರವನ್ನೆಲ್ಲ ಊರಬೇಕಾದವರಿಗೆ ನಾಲ್ಕು ಕಾಲಿನ ಕೋಲೋ ವಾಕರ್ರೋ ಬೇಕು. ಅವಕ್ಕೆ ಬಣ್ಣ ತುಂಬುವ ಕೆಲಸವನ್ನೂ ಯಾರಾದರೂ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಮನಸಾರೆ ಆಸೆ.

ಮಾಡಿಸುವವರು ಮೂರು ಮಾತನ್ನು ಮೊದಲೇ ಹೇಳಿಬಿಡಿ: ಹಿಡಿಕೆಗೆ ಅರಗು ಬೇಡ, ಮಣಿಕಟ್ಟಿಗೆ ಹಾಕಿಕೊಳ್ಳುವ ದಾರಕ್ಕೆ ಒಂದು ರಂಧ್ರ ಇರಲಿ, ತುದಿಯ ಗಾತ್ರ ನೀವು ಮೊದಲೇ ಕೊಂಡು ತಂದ ರಬ್ಬರ್ ಬುಷ್‌ಗೆ ಸರಿಹೊಂದಲಿ. ಬಣ್ಣಗಳ ಆಯ್ಕೆಯನ್ನು ಮಾತ್ರ ಕೋಲು ಹಿಡಿಯುವವರಿಗೇ ಬಿಡಿ.