ಬೆಕ್ಕಿನ ಬೆಲ್ಟ್, ಬಿಲ್ಲೆ, ಚಿಪ್: ಕಲಬುರಗಿಯ ಮಾಳಿಗೆಗಳ ಮೇಲೆ ಯಾವುದು ಬಾಳುತ್ತದೆ

ಹಳೇ ಕಲಬುರಗಿಯಲ್ಲಿ ಬೆಕ್ಕಿಗೆ ಬಾಗಿಲಿನ ಹಂಗಿಲ್ಲ. ಮಾಳಿಗೆಗೆ ಮಾಳಿಗೆ ಅಂಟಿಕೊಂಡಿರುತ್ತದೆ. ಬ್ರಹ್ಮಪುರದಲ್ಲಾಗಲಿ ಶಹಾಬಜಾರದಲ್ಲಾಗಲಿ ಒಮ್ಮೆ ಮೇಲೆ ಹತ್ತಿದ ಬೆಕ್ಕು ನೆಲ ಮುಟ್ಟದೆ ನಾಲ್ಕು ಮನೆ ದಾಟುತ್ತದೆ. "ಯಾರದ್ರೀ ಈ ಬೆಕ್ಕು?" ಅಂತ ಕೇಳಿದರೆ ನಾಲ್ಕೂ ಮನೆಯವರದು ಒಂದೇ ಮಾತು: "ನಮ್ದಲ್ರೀ, ಹಾಲಿಗೆ ಬರ್ತದ ಅಷ್ಟೇ." ಐದನೇ ಮನೆಯವರಿಗೆ ಕಾಟ ಹೆಚ್ಚಾದ ದಿನ ಅದು ಗೋಣಿಚೀಲ ಸೇರಿ ರಿಂಗ್ ರೋಡಿನಾಚೆ ಹೋಗುತ್ತದೆ. ಇದು ಒಬ್ಬರ ಮನೆಯ ಬೆಕ್ಕು ಅನ್ನುವ ಗುರುತು ಕೆಲಸ ಮಾಡಬೇಕಾದದ್ದು ಆ ಚೀಲದ ಬಾಯಿ ಕಟ್ಟುವ ಮೊದಲು.

ಆದ್ದರಿಂದ ಇಲ್ಲಿ ಎಲ್ಲ ವಸ್ತುವನ್ನೂ ಅಳೆದಿರುವುದು ಒಂದೇ ಪ್ರಶ್ನೆಯಿಂದ: ಇದನ್ನು ಓದುವವರು ಯಾರು? ಪಕ್ಕದ ಮನೆಯ ಅಜ್ಜಿ, ಕಿರಾಣಿ ಅಂಗಡಿಯವರು, ಗಂಜಿನ, ಅಂದರೆ ಧಾನ್ಯದ ಪೇಟೆಯ, ಹಮಾಲರು. ಅವರ ಹತ್ತಿರ ಚಿಪ್ ಓದುವ ಮಷೀನ್ ಇರುವುದಿಲ್ಲ, ಫೋನ್ ಇರುತ್ತದೆ. ತೀರ್ಪು ಮೊದಲೇ ಹೇಳಿಬಿಡೋಣ. ಎಳೆದರೆ ತಾನಾಗಿ ಬಿಚ್ಚುವ ಬೆಲ್ಟಿನ ಮೇಲೆ ದಾರದಲ್ಲಿ ಹೊಲಿಸಿದ ಮೊಬೈಲ್ ನಂಬರಿಗೆ ಮೊದಲ ಸ್ಥಾನ. ಅದು ಕಳೆದಾಗ ಆಸರೆಗೆ ಚರ್ಮದಡಿ ಹಾಕಿಸುವ ಚಿಪ್. ಉಳಿದವುಗಳಲ್ಲಿ ಕೆಲವು ದುಡ್ಡು ದಂಡ, ಕೆಲವು ಅಪಾಯ.

ಬೆಲ್ಟ್

ಅಂಗಡಿಯಲ್ಲಿ "ಬೆಕ್ಕಿನ ಬೆಲ್ಟ್" ಅಂತ ಕೇಳಿದರೆ ಗೆಜ್ಜೆ ಹಾಕಿದ, 1 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಕೊಡುತ್ತಾರೆ. ಪಟ್ಟಿ ಎಲ್ಲದರದೂ ಹೆಚ್ಚುಕಡಿಮೆ ಒಂದೇ. ನೋಡಬೇಕಾದದ್ದು ಲಾಕ್. ಶಾಲೆ ಬ್ಯಾಗಿನ ಬೆಲ್ಟಿಗೆ ಇರುವಂಥ, ಎರಡು ಕಡೆ ಒತ್ತಿದರೆ ಮಾತ್ರ ಬಿಚ್ಚುವ ಲಾಕ್ ಇದ್ದರೆ ಅಲ್ಲೇ ವಾಪಸ್ ಕೊಡಿ. ಬೆಕ್ಕು ಬೇವಿನ ಕೊಂಬೆಗೋ ಕಿಟಕಿ ಸರಳಿಗೋ ಸಿಕ್ಕಿ ಜೋತುಬಿದ್ದರೆ ಆ ಲಾಕೇ ನೇಣು. ಬೇಕಾದದ್ದು ಜಗ್ಗಿದರೆ ಬಿಚ್ಚುವ, ಬ್ರೇಕ್‌ಅವೇ ಅಂತ ಮಾರುವ ಲಾಕ್. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಕಾಣುತ್ತದೆ: ಸಾದಾ ಲಾಕಿನ ಹಲ್ಲು ಕೊಕ್ಕೆಯ ಹಾಗೆ ಚೌಕವಾಗಿ ನಿಂತಿರುತ್ತದೆ, ಬ್ರೇಕ್‌ಅವೇ ಹಲ್ಲು ಇಳಿಜಾರಾಗಿ ಜಾರುವ ಹಾಗಿರುತ್ತದೆ. ಆನ್‌ಲೈನಿನಲ್ಲಿ ಸಾಮಾನ್ಯವಾಗಿ 100ರಿಂದ 250 ರೂಪಾಯಿ ಒಳಗೆ ಸಿಗುತ್ತದೆ.

ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡಿ, ಮನೆಯಲ್ಲೇ ಪರೀಕ್ಷೆ ಮಾಡಿ. ಬೆಲ್ಟಿಗೆ ಲಾಕ್ ಹಾಕಿ ಬಾಗಿಲ ಚಿಲಕಕ್ಕೆ ತೂಗುಹಾಕಿ, ಕೆಳಗಿನ ಅಂಚಿಗೆ ದಾರ ಕಟ್ಟಿ ನೀರಿನ ಬಾಟಲಿ ಇಳಿಬಿಡಿ. ಲಾಕ್ ಚಿಲಕಕ್ಕಾಗಲಿ ದಾರಕ್ಕಾಗಲಿ ತಾಗದೆ ಪಕ್ಕದಲ್ಲಿರಲಿ, ಇಲ್ಲದಿದ್ದರೆ ಎಳೆತ ಸರಿಯಾಗಿ ಬೀಳುವುದಿಲ್ಲ. ಅರ್ಧ ಲೀಟರಿಗೇ ಬಿಚ್ಚಿದರೆ ಆ ಬೆಲ್ಟ್ ವಾರಕ್ಕೊಮ್ಮೆ ಕಳೆಯುತ್ತದೆ. 2 ಲೀಟರ್ ಬಾಟಲಿ ಕಟ್ಟಿ ಸಣ್ಣಗೆ ಜಗ್ಗಿದಾಗ ಬಿಚ್ಚಿದರೆ ಸರಿ. ನಮ್ಮ ಕಡೆಯ ನಾಡ ಬೆಕ್ಕು ಸಾಮಾನ್ಯವಾಗಿ 3–4 ಕೆ.ಜಿ. ತೂಗುತ್ತದೆ. ಆ ತೂಕಕ್ಕೂ ಬಿಚ್ಚದ ಲಾಕ್ ಬೆಕ್ಕನ್ನು ಬಿಡುವುದಿಲ್ಲ. ಈ ಪರೀಕ್ಷೆ ತಿಂಗಳಿಗೊಮ್ಮೆ ಮತ್ತೆ ಬೇಕು, ಯಾಕೆಂದರೆ ಕರಿಮಣ್ಣಿನ ಧೂಳು ಲಾಕಿನ ಸಂದಿಯಲ್ಲಿ ಕೂತು ಬಿಗಿಯಾಗುತ್ತದೆ. ಸೋಪಿನ ನೀರಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಸಾಕು, ಎಣ್ಣೆ ಹಚ್ಚಬೇಡಿ; ಎಣ್ಣೆಗೆ ಇನ್ನಷ್ಟು ಧೂಳು ಹಿಡಿಯುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಅಗ್ಗದ ಪ್ಲಾಸ್ಟಿಕ್ ಬಿಳಚಿ ಪೆಳಸಾಗುತ್ತದೆ. ಬಣ್ಣ ಹೋದ ಲಾಕ್ ಬದಲಿಸಿ.

ಎಲಾಸ್ಟಿಕ್ ಬೆಲ್ಟ್ ಸುರಕ್ಷಿತ ಅನ್ನುವ ಮಾತು ಅಂಗಡಿಯಲ್ಲಿ ಕೇಳಿಬರುತ್ತದೆ. ಅಲ್ಲ. ಅದು ಹಿಗ್ಗಿದಾಗ ಮುಂಗಾಲು ಒಳಗೆ ತೂರುತ್ತದೆ, ಮತ್ತೆ ಕುಗ್ಗಿ ಬಗಲಲ್ಲಿ ಕೊರೆಯುತ್ತದೆ. ಎರಡು ದಿನ ಮನೆಗೆ ಬರದೆ ಬಂದ ಬೆಕ್ಕಿನ ಬಗಲಲ್ಲಿ ಆಳದ ಗಾಯವಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಸಡಿಲ ಬೆಲ್ಟಿನ ತೊಂದರೆಯೂ ಇದೇ: ಮೈ ನೆಕ್ಕುವಾಗ ಕೆಳದವಡೆ ಅದರೊಳಗೆ ಸಿಕ್ಕುತ್ತದೆ. ಬೆಲ್ಟಿನ ಕೆಳಗೆ ಒಂದು ಬೆರಳು ಆರಾಮಾಗಿ, ಎರಡು ಬೆರಳು ಬಿಗಿಯಾಗಿ ಹೋಗಬೇಕು. ಹಾಕುವಾಗ ಬೆಕ್ಕು ಕತ್ತು ಉಬ್ಬಿಸಿಕೊಂಡಿರುತ್ತದೆ, ಅದಕ್ಕೇ ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಬೆಳೆಯುವ ಮರಿಗಾದರೆ ವಾರವಾರ.

ದೃಷ್ಟಿಗೆ ಅಂತ ಕಟ್ಟುವ ಕರಿದಾರ, ಕವಡೆ ಸರ ಇವು ಗುರುತೇನೋ ಹೌದು. ನೋಡಿದವರಿಗೆ "ಸಾಕಿದ್ದು" ಅಂತ ತಕ್ಷಣ ತಿಳಿಯುತ್ತದೆ, ಯಾರದ್ದು ಅಂತ ತಿಳಿಯುವುದಿಲ್ಲ. ದಾರ ಹರಿಯುವುದೂ ಇಲ್ಲ. ಐದಕ್ಕೆ ಸೊನ್ನೆ ಅಂಕ. ನಾಯಿಗೆಂದು ಮಾಡಿದ, ಉಣ್ಣೆ-ಚಿಗಟ ಕೊಲ್ಲುವ ಬೆಲ್ಟನ್ನೂ ಹಾಕಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ, ಅದು ಬೆಕ್ಕಿಗೆ ವಿಷ.

"ಬೆಕ್ಕು ಬೆಲ್ಟ್ ಇಟ್ಟುಕೊಳ್ಳುವುದೇ ಇಲ್ಲ" ಅನ್ನುವವರಿಗೆ ಒಂದು ಲೆಕ್ಕ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 538 ಬೆಕ್ಕುಗಳಿಗೆ ಮೂರು ಬಗೆಯ ಬೆಲ್ಟ್ ಹಾಕಿ ಆರು ತಿಂಗಳು ನೋಡಿದರು. 391 ಬೆಕ್ಕುಗಳು, ಅಂದರೆ ನೂರಕ್ಕೆ ಸುಮಾರು 73, ಕೊನೆಯವರೆಗೂ ಬೆಲ್ಟಿನಲ್ಲೇ ಇದ್ದವು. ಕಾಲೋ ಬಾಯೋ ಸಿಕ್ಕಿದ್ದು, ಬೆಲ್ಟ್ ಎಲ್ಲೋ ತಗಲಿದ್ದು 18 ಬೆಕ್ಕುಗಳಿಗೆ. ಮೊದಲ ಎರಡು ದಿನ ಹಿಂಗಾಲಿಂದ ಕೆರೆದು ಉರುಳಾಡುವುದು ಸಹಜ. ಊಟ ಕೊಡುವ ಹೊತ್ತಿಗೆ ಸರಿಯಾಗಿ ಹಾಕಿದರೆ ಗಮನ ಬಟ್ಟಲಿನ ಕಡೆ ಹೋಗುತ್ತದೆ.

ನಂಬರ್ ಎಲ್ಲಿ, ಹೇಗೆ

ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ನೈಲಾನ್ ಮೇಲೆ ಬಹಳ ದಿನ ನಿಲ್ಲುವುದಿಲ್ಲ. ಬಿಸಿಲು ಅರ್ಧ ಅಳಿಸಿದರೆ ಬೆಕ್ಕಿನ ನಾಲಿಗೆ ಇನ್ನರ್ಧ ಅಳಿಸುತ್ತದೆ. ಶಾಲೆ ಯೂನಿಫಾರ್ಮಿಗೆ ಬ್ಯಾಡ್ಜ್ ಹಾಕುವ ಎಂಬ್ರಾಯ್ಡರಿ ಮಷೀನಿನವರ ಹತ್ತಿರ ಹೊಲಿಸುವುದು ಲೇಸು. ಹತ್ತು ಅಂಕಿ, ಒಂದೊಂದು 4 ಮಿ.ಮೀ. ಅಗಲ, 6 ಮಿ.ಮೀ. ಎತ್ತರ, ನಡುವೆ 1 ಮಿ.ಮೀ. ಬಿಟ್ಟರೆ ಒಟ್ಟು 5 ಸೆಂ.ಮೀ. ಒಳಗೆ ಮುಗಿಯುತ್ತದೆ. ಇದಕ್ಕಿಂತ ಒತ್ತಾಗಿ ಹೊಲಿದರೆ 3, 6, 8 ಮೂರೂ ಒಂದೇ ಗಂಟಾಗಿ ಕಾಣುತ್ತವೆ. ಕೆಂಪು ಬೆಲ್ಟಿಗೆ ಬಿಳಿ ಪಾಲಿಸ್ಟರ್ ದಾರ ಇರಲಿ.

ಹೊಲಿಸುವ ಜಾಗ ಮುಖ್ಯ. ಗೆಜ್ಜೆಯೋ ಬಿಲ್ಲೆಯೋ ಇರುವ ರಿಂಗ್ ಭಾರಕ್ಕೆ ಯಾವಾಗಲೂ ಗದ್ದದ ಕೆಳಗೆ ಬರುತ್ತದೆ. ಅದರ ನೇರ ಎದುರು ಭಾಗ ಕತ್ತಿನ ಮೇಲೆ, ಹೆಗಲ ಕಡೆ ನಿಲ್ಲುತ್ತದೆ. ನಂಬರ್ ಅಲ್ಲಿದ್ದರೆ ಬೆಕ್ಕನ್ನು ಹಿಡಿಯದೆ, ಅದು ಹಾಲು ಕುಡಿಯುವಾಗ ಮೇಲಿಂದಲೇ ಓದಬಹುದು. ಅಪರಿಚಿತ ಬೆಕ್ಕಿನ ಗದ್ದಕ್ಕೆ ಕೈ ಹಾಕಿ ಪರಚಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಪರ್ಷಿಯನ್‌ನಂಥ ಉದ್ದ ಕೂದಲಿನ ಬೆಕ್ಕಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ತುಪ್ಪಳ ಮುಚ್ಚಿಬಿಡುತ್ತದೆ. ಅವಕ್ಕೆ ಬಿಲ್ಲೆಯೇ ಗತಿ.

ಬಿಲ್ಲೆಯಲ್ಲಿ ತೂಕ ನೋಡಿ. 25 ಮಿ.ಮೀ. ಅಗಲ, 1.5 ಮಿ.ಮೀ. ದಪ್ಪದ ಗುಂಡು ಬಿಲ್ಲೆ ಅಲ್ಯೂಮಿನಿಯಮ್‌ನದಾದರೆ ಸುಮಾರು 2 ಗ್ರಾಂ, ಸ್ಟೀಲಿನದು 6 ಗ್ರಾಂ ಹತ್ತಿರ, ಹಿತ್ತಾಳೆಯದು ಅದಕ್ಕೂ ತುಸು ಹೆಚ್ಚು. ಹಿತ್ತಾಳೆ ಚಂದ ಕಾಣುತ್ತದೆ, ಆದರೆ ದಿನವಿಡೀ ಗದ್ದಕ್ಕೆ ಬಡಿಯುತ್ತಿರುತ್ತದೆ. ಅಲ್ಯೂಮಿನಿಯಮ್ ಮೇಲೆ ಬರೀ ಪ್ರಿಂಟ್ ಮಾಡಿದ ಅಕ್ಷರ ಬೇಡ, ಕೊರೆದಿರಬೇಕು. ದೂರ ಹುಡುಕಬೇಕಿಲ್ಲ: ಮದುವೆ ಪಾತ್ರೆ ಮೇಲೆ ಹೆಸರು ಹಾಕಿಕೊಡುವ ಪಾತ್ರೆ ಅಂಗಡಿಯವರ ಮಷೀನೇ ಈ ಕೆಲಸಕ್ಕೆ ಸಾಕು. ನಂಬರನ್ನು ಐದೈದು ಅಂಕಿಯ ಎರಡು ಸಾಲು ಮಾಡಿಸಿ, ಅಂಕಿ 4 ಮಿ.ಮೀ.ಗಿಂತ ಸಣ್ಣದಾಗದಿರಲಿ. ಕನ್ನಡದಲ್ಲಿ ಏನಾದರೂ ಬರೆಸುವುದಾದರೆ ಒತ್ತಕ್ಷರ ಇಲ್ಲದ ಮಾತು ಆರಿಸಿ. "ಬೆಕ್ಕು" ಅಂತ ಕೊರೆದರೆ ಕೆಳಗಿನ ಒತ್ತು ಚುಕ್ಕೆಯಾಗಿ ಕಲಸಿಹೋಗುತ್ತದೆ; "ಕರೆ ಮಾಡಿ" ಚೊಕ್ಕಟವಾಗಿ ಬರುತ್ತದೆ. ಬೆಕ್ಕಿನ ಹೆಸರು ಬೇಕಿಲ್ಲ, ಆ ಜಾಗದಲ್ಲಿ ಮನೆಯ ಇನ್ನೊಬ್ಬರ ನಂಬರ್ ಇರಲಿ. ರಂಧ್ರದ ಅಂಚನ್ನು ಅರದಿಂದ ಉಜ್ಜಿಸಿ, ಇಂಗ್ಲಿಷಿನ ಎಸ್ ಆಕಾರದ ಕೊಕ್ಕೆ ಬಿಟ್ಟು ಕೀಚೈನಿನಂಥ ಸುತ್ತು ರಿಂಗ್ ಹಾಕಿಸಿ.

ಬೀದರ್ ಹತ್ತಿರವೇ ಇರುವುದರಿಂದ ಬಿದರಿ ಕೆಲಸದ ಬಿಲ್ಲೆ ಮಾಡಿಸಿದರೆ ಹೇಗೆ ಅಂತ ಆಸೆಯಾಗುವುದು ಸಹಜ. ಕಪ್ಪು ಮೈ ಮೇಲೆ ಬೆಳ್ಳಿ ಅಂಕಿ ದೂರದಿಂದಲೇ ಹೊಳೆಯುತ್ತದೆ, ನಿಜ. ಆದರೆ ಅದರ ಮೂಲ ಸತುವಿನ ಎರಕ, ಭಾರ. ಬೆಕ್ಕು ನೆಕ್ಕುವ, ಕಚ್ಚುವ ಜಾಗದಲ್ಲಿ ಸತು ಒಳ್ಳೆಯದಲ್ಲ. ಅದು ಷೋಕೇಸಿನಲ್ಲೇ ಇರಲಿ.

ಕ್ಯೂಆರ್ ಬಿಲ್ಲೆಗಳಿಗೆ ಐದಕ್ಕೆ ಎರಡು. ಗೀರು ಬಿದ್ದರೆ ಓದುವುದಿಲ್ಲ, ಅದರ ಹಿಂದಿನ ಜಾಲತಾಣ ಮುಚ್ಚಿದರೆ ಬಿಲ್ಲೆ ಬರೀ ಚಿತ್ರ, ಮತ್ತು ಓಡುವ ಬೆಕ್ಕಿನ ಕೊರಳಿಗೆ ಫೋನ್ ಹಿಡಿದು ನಿಲ್ಲುವವರು ಯಾರು? ಏರ್‌ಟ್ಯಾಗ್ 11 ಗ್ರಾಂ ತೂಗುತ್ತದೆ, ಸುತ್ತಮುತ್ತ ಆಪಲ್ ಫೋನುಗಳಿದ್ದರೆ ಮಾತ್ರ ಜಾಗ ಹೇಳುತ್ತದೆ. ಅದು ಬೆಕ್ಕನ್ನು ಹುಡುಕುವ ಸಾಧನ, ಯಾರ ಬೆಕ್ಕು ಅಂತ ನೆರೆಯವರಿಗೆ ತಿಳಿಸುವುದಿಲ್ಲ. ಬಕ್ರೀದ್ ಆಡಿನ ಹಾಗೆ ಮೆಹಂದಿ ಹಚ್ಚುವುದು, ಬಣ್ಣ ಬಳಿಯುವುದು ಬೆಕ್ಕಿಗೆ ಸಲ್ಲ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಚಿಪ್

ಅಕ್ಕಿಕಾಳಿನಷ್ಟು, ಸುಮಾರು 12 ಮಿ.ಮೀ. ಉದ್ದ, 2 ಮಿ.ಮೀ. ದಪ್ಪದ ಗಾಜಿನ ಕೊಳವೆ. ಎರಡು ಹೆಗಲ ನಡುವೆ ಚರ್ಮದಡಿ ದಪ್ಪ ಸೂಜಿಯಿಂದ ಹಾಕುತ್ತಾರೆ. ಅರಿವಳಿಕೆ ಬೇಕಿಲ್ಲ, ಆದರೂ ಸಂತಾನಹರಣ ಆಪರೇಷನ್ ದಿನವೇ ಹಾಕಿಸಿದರೆ ಬೆಕ್ಕಿಗೆ ಚುಚ್ಚಿದ್ದೇ ತಿಳಿಯುವುದಿಲ್ಲ. ಬ್ಯಾಟರಿ ಇಲ್ಲ, ಆದ್ದರಿಂದ ಬೆಕ್ಕಿನ ಆಯುಷ್ಯ ಪೂರ್ತಿ ಇರುತ್ತದೆ. ಮೇಲೆ ಹೇಳಿದ ಅಧ್ಯಯನದಲ್ಲೇ ಆರು ತಿಂಗಳ ಬಳಿಕ ನೋಡಿದ 478 ಚಿಪ್‌ಗಳಲ್ಲಿ 477 ಸರಿಯಾಗಿ ಓದಿಸಿಕೊಂಡವು.

ತಪ್ಪು ತಿಳಿವಳಿಕೆ ಇದರ ಬಗ್ಗೆಯೇ ಹೆಚ್ಚು. ಇದು ಜಿಪಿಎಸ್ ಅಲ್ಲ. ಚಿಪ್ ಓದುವ ಮಷೀನನ್ನು, ಅಂದರೆ ರೀಡರನ್ನು, ಹತ್ತಿರ ತಂದಾಗ ಒಂದು ನಂಬರ್ ಹೇಳುತ್ತದೆ, ಅಷ್ಟೇ. ಫೋನ್ ತಾಗಿಸಿ ದುಡ್ಡು ಕೊಡಲು ಬಳಸುವ ಮೊಬೈಲಿನ ಎನ್‌ಎಫ್‌ಸಿ ಇದನ್ನು ಓದುವುದಿಲ್ಲ: ಫೋನಿನ ರೇಡಿಯೋ ತರಂಗ 13.56 ಮೆಗಾಹರ್ಟ್ಸ್, ಚಿಪ್ಪಿನದು 134.2 ಕಿಲೋಹರ್ಟ್ಸ್. ಎಮ್ಮೆ ಕಿವಿಯ ಹಳದಿ ಬಿಲ್ಲೆಯಲ್ಲಿ 12 ಅಂಕಿ ಇರುತ್ತದಲ್ಲ, ಇದರಲ್ಲಿ 15. ಎಮ್ಮೆಯ ನಂಬರ್ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಕೊಳ್ಳುವಾಗ ಅಂತರರಾಷ್ಟ್ರೀಯ ಮಾನದಂಡದ ಗುರುತಾದ ಐಎಸ್‌ಒ 11784/11785 ಅಂತ ಪೊಟ್ಟಣದ ಮೇಲಿರಲೇಬೇಕು. ಹಳೇ 125 ಕಿಲೋಹರ್ಟ್ಸ್ ಚಿಪ್ಪನ್ನು ಎಲ್ಲ ರೀಡರ್‌ಗಳೂ ಓದುವುದಿಲ್ಲ. ಹಾಕುವ ಮುಂಚೆ ಸೂಜಿಯಲ್ಲಿರುವಾಗಲೇ ಒಮ್ಮೆ, ಹಾಕಿದ ಮೇಲೆ ಒಮ್ಮೆ ರೀಡರ್ ಹಿಡಿಸಿ. ಎರಡು ಸಲವೂ ಬಂದ ನಂಬರನ್ನು ಸ್ಟಿಕ್ಕರ್ ಜೊತೆ ಹೋಲಿಸಿ, ಸ್ಟಿಕ್ಕರನ್ನು ಲಸಿಕೆ ಕಾರ್ಡಿಗೆ ಅಂಟಿಸಿ. ಚಿಪ್ ನಂಬರಿನ ನೋಂದಣಿಯಲ್ಲಿ ನಿಮ್ಮ ಫೋನ್ ನಂಬರ್ ಸೇರದಿದ್ದರೆ ಅದು ವಿಳಾಸವಿಲ್ಲದ ಲಕೋಟೆ; ಸಿಮ್ ಬದಲಾದ ದಿನವೇ ಅಲ್ಲೂ ಬದಲಿಸಿ.

ಚಿಪ್ ಕೆಲವೊಮ್ಮೆ ಹೆಗಲಿಂದ ಜಾರಿ ಮುಂಗಾಲ ಕಡೆ ಇಳಿಯುತ್ತದೆ. ಹಾಗಾಗಿ ರೀಡರನ್ನು ಕತ್ತಿನ ಮೇಲೆ ಒಮ್ಮೆ ಆಡಿಸಿ "ಇಲ್ಲ" ಅಂದುಬಿಟ್ಟರೆ ಒಪ್ಪಬೇಡಿ. ಮೈಗೆ ತಾಗಿಸಿಕೊಂಡು ನಿಧಾನವಾಗಿ ಕತ್ತಿನಿಂದ ಬೆನ್ನ ನಡುವಿನ ತನಕ, ಎರಡೂ ಪಕ್ಕ, ಮೊಣಕೈ ತನಕ ಆಡಿಸಬೇಕು, ಲೋಹದ ಬಿಲ್ಲೆ ಇದ್ದರೆ ತೆಗೆದಿಟ್ಟು. ಕಲಬುರಗಿ, ಯಾದಗಿರಿ ಕಡೆ ಎಲ್ಲ ಕ್ಲಿನಿಕ್‌ನಲ್ಲೂ ರೀಡರ್ ಇರುತ್ತದೆಂದು ಎಣಿಸಬೇಡಿ. "ಡಾಕ್ಟ್ರೇ, ಚಿಪ್ ಓದೋ ಮಷೀನ್ ಅದ ಏನ್ರೀ?" ಅಂತ ಫೋನಿನಲ್ಲೇ ಕೇಳಿ ಹೊರಡಿ. ಬೀದರಿನವರಿಗೆ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಊರಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಓಣಿಯ ಮಟ್ಟಿಗೆ ಐದಕ್ಕೆ ಮೂರು. ದುಬೈ, ಅಬುಧಾಬಿ ಕಡೆ ಬೆಕ್ಕನ್ನು ಒಯ್ಯುವವರಿಗಂತೂ ಇದು ಕಡ್ಡಾಯ.

ಕಿವಿ ಮತ್ತು ಕಾಗದ

ಒಂದು ಕಿವಿಯ, ಸಾಮಾನ್ಯವಾಗಿ ಎಡಗಿವಿಯ ತುದಿ ಸುಮಾರು 1 ಸೆಂ.ಮೀ. ನೇರವಾಗಿ ಕತ್ತರಿಸಿದಂತಿದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ. ಆಪರೇಷನ್ ವೇಳೆ ಅರಿವಳಿಕೆಯಲ್ಲೇ ಮಾಡುತ್ತಾರೆ. ಜಗಳದಲ್ಲಿ ಹರಿದ ಕಿವಿ ಅಂಕುಡೊಂಕಾಗಿರುತ್ತದೆ, ಇದು ಗೆರೆ ಎಳೆದಂತಿರುತ್ತದೆ. ಅದಕ್ಕೆ ಮನೆಯಿದೆಯೋ ಇಲ್ಲವೋ ಅನ್ನುವುದನ್ನು ಕಿವಿ ಹೇಳುವುದಿಲ್ಲ. ಮೈಕೈ ತುಂಬಿಕೊಂಡಿರುವುದೂ ಸಾಕ್ಷಿಯಲ್ಲ. ಗಂಜಿನ ಬೇಳೆ ಅಂಗಡಿಗಳ ಇಲಿ ಹಿಡಿಯುವ ಬೆಕ್ಕುಗಳು ಎಷ್ಟೋ ಮನೆಬೆಕ್ಕಿಗಿಂತ ಮಿರಮಿರ ಮಿಂಚುತ್ತವೆ.

ನಿಮ್ಮ ಮಾಳಿಗೆಗೆ ಬರುವ ಬೆಕ್ಕು ಯಾರದ್ದೆಂದು ತಿಳಿಯಬೇಕಿದ್ದರೆ ಎಲ್ಲಕ್ಕಿಂತ ಅಗ್ಗದ ವಸ್ತು ಕಾಗದದ ಪಟ್ಟಿ. ಎ4 ಹಾಳೆಯ ಉದ್ದಕ್ಕೆ 2 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದರೆ 29.7 ಸೆಂ.ಮೀ. ಸಿಗುತ್ತದೆ, ಕೊರಳಿಗೆ ಸುತ್ತಿ ಮಿಗುತ್ತದೆ. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ ಶಾಯಿ ಒದ್ದೆಯಾದರೆ ಹರಡುತ್ತದೆ. "ಈ ಬೆಕ್ಕು ನಿಮ್ಮದೇನ್ರೀ? ಫೋನ್ ಮಾಡ್ರಿ" ಅಂತ ಕನ್ನಡದಲ್ಲಿ, ಪಕ್ಕದಲ್ಲಿ ಉರ್ದುವಿನಲ್ಲಿ, ಕೆಳಗೆ ನಂಬರ್. ದರ್ಗಾ ಸುತ್ತಿನ ಓಣಿಗಳಲ್ಲಿ ಉರ್ದು ಬಿಟ್ಟರೆ ಅರ್ಧ ಮನೆಗೆ ತಲುಪುವುದೇ ಇಲ್ಲ. ತುದಿ ಕೂಡಿಸಲು ಒಂದು ಅಂಗುಲ ಸೆಲೋಟೇಪ್ ಸಾಕು, ಸ್ಟೇಪಲ್ ಪಿನ್ ಬೇಡ, ಪೂರ್ತಿ ಟೇಪ್ ಸುತ್ತುವುದೂ ಬೇಡ. ಜಗ್ಗಿದರೆ ಕಾಗದ ಹರಿಯಬೇಕು. ಕೈಗೆ ಸಿಗದ ಬೆಕ್ಕಿಗೆ ಒತ್ತಾಯದಿಂದ ಹಾಕಲು ಹೋಗಬೇಡಿ. ಕಚ್ಚಿದರೆ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಬೇಕಾಗುತ್ತದೆ.

ಎರಡು ಮೂರು ದಿನ ಕಾಯಿರಿ. ಫೋನ್ ಬಾರದೆ, ಪಟ್ಟಿಯೂ ಇಲ್ಲದೆ ಬೆಕ್ಕು ಬಂದರೆ ಮತ್ತೊಂದು ಹಾಕಿ, ಈ ಸಲ ಕೊರಳನ್ನು ಸರಿಯಾಗಿ ಗಮನಿಸಿ. ಬೆಕ್ಕೇ ಹರಿದುಕೊಂಡಿದ್ದರೆ ಟೇಪಿನ ಚೂರೋ ಕಾಗದದ ಎಳೆಯೋ ರೋಮಕ್ಕೆ ಅಂಟಿರುವುದು ಸಾಮಾನ್ಯ. ಕೊರಳು ಚೊಕ್ಕಟವಾಗಿದ್ದರೆ ಯಾರೋ ಕೂರಿಸಿಕೊಂಡು ಕತ್ತರಿಸಿ ತೆಗೆದಿರಬಹುದು. ಬೆಕ್ಕು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಯಾವ ಮನೆಯಲ್ಲೆಂದು ಸುತ್ತಲಿನ ಹತ್ತು ಮನೆ ಕೇಳಿ ಬನ್ನಿ.